ಮಾನಮ್ಮನ ಎಡಗೈ

ಮಾನಮ್ಮ ಹುಟ್ಟು ಅಂಜುಬುರುಕಿ. ಬಸ್ಸಿನ ಹಾರನ್ ಕೇಳಿದರೆ ಬೆಚ್ಚುತ್ತಿದ್ದಳು. ಹೊಲದ ಯಜಮಾನ ವಿರೂಪಣ್ಣ ಬದುವಿನ ಮೇಲೆ ನಿಂತು ಕೆಮ್ಮಿದರೆ ಬೆಚ್ಚುತ್ತಿದ್ದಳು. ಅತ್ತೆ ಪಕೀರಮ್ಮ ಬಾಯಿ ತೆರೆಯುವ ಮೊದಲೇ ಬೆಚ್ಚಿ ಕೂತಿರುತ್ತಿದ್ದಳು. ಪಕೀರಮ್ಮನ ಬಾಯಿಯೂ ಅಂಥದ್ದೇ ಬಿಡಿ, ಅದಕ್ಕೆ ಹೆದರದವರು ಪೋತ್ನಾಳದಲ್ಲಿ ಯಾರಿದ್ದರು? ಇಂಥ ಹೆಣ್ಣುಮಗಳು ತಾಳ್ಮೆಗೆ ಹೆಸರಾಗಿ, ಪಾಸ್ಟರ ಬಾಯಿಂದ ಹೊಗಳಿಸಿಕೊಂಡು, ಆ ಹೊಗಳಿಕೆಯಿಂದಲೇ ಜೀವ ಹಿಂಡಿಸಿಕೊಂಡಳು. ಅದು ಹೇಗೆಂದು ಹೇಳಬೇಕು.

ಅವಳು ದೇವದುರ್ಗದ ಕಡೆಯ ಹಳ್ಳಿಯೊಂದರಿಂದ ಗದ್ದೆಪ್ಪನ ಹೆಂಡತಿಯಾಗಿ ಪೋತ್ನಾಳಕ್ಕೆ ಬಂದವಳು. ಗದ್ದೆಪ್ಪನ ಅಪ್ಪನ ಕಾಲಕ್ಕೇ ಆ ಮನೆಯವರು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾಗಿದ್ದರು. ಹೆಸರುಗಳು ಮಾತ್ರ ಹಳೆಯವೇ ಉಳಿದಿದ್ದವು. ಗಂಡ ಹೆಂಡತಿ ಇಬ್ಬರೂ ಕೂಲಿಯವರು. ಕಾಲುವೆಗೆ ನೀರು ಬಂದ ಮೇಲೆ ಮಾನ್ವಿ ಸೀಮೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಭತ್ತ. ನಾಟಿಯ ಕಾಲದಲ್ಲಿ ಹೆಂಗಸರು ಬೆಳಗಿನಿಂದ ಬೈಗಿನವರೆಗೆ ಕೆಸರಿನಲ್ಲಿ ಬಗ್ಗಿ ಸಸಿ ಊರಬೇಕು. ಬೆರಳ ಸಂದಿಗಳು ಕೊಳೆಯುತ್ತಿದ್ದವು, ಉಗುರಿನ ಬುಡ ಬಾತು ಕೀವು ತುಂಬುತ್ತಿತ್ತು. ಸಂಜೆ ಮನೆಗೆ ಬಂದರೆ ರೊಟ್ಟಿ ಮುರಿಯಲು ಕೈ ಬರುತ್ತಿರಲಿಲ್ಲ. ಉಳಿದ ಹೆಂಗಸರು ಬೈದುಕೊಂಡು, ನಕ್ಕು, ಅರಿಶಿನ ಎಣ್ಣೆ ಹಚ್ಚಿಕೊಂಡು ಸುಮ್ಮನಾಗುತ್ತಿದ್ದರು. ಮಾನಮ್ಮ ಅಳುತ್ತಿದ್ದಳು. ಅಳುವುದು ನೋಡಿ ಅತ್ತೆ ಬೈಯುತ್ತಿದ್ದಳು, ಬೈದಳೆಂದು ಇನ್ನೊಂದಿಷ್ಟು ಅಳುತ್ತಿದ್ದಳು.

ಅಲ್ಲಿನ ಚರ್ಚಿನ ಪಾಸ್ಟರು ಜೀವರತ್ನಪ್ಪನವರು. ಒಳ್ಳೆಯ ಮನುಷ್ಯ, ಧ್ವನಿ ಗಟ್ಟಿ. ಯಾವ ವಾಕ್ಯ ಹಿಡಿದು ಶುರು ಮಾಡಿದರೂ ಅವರ ಪ್ರಸಂಗ ಕೊನೆಗೆ ಬಂದು ನಿಲ್ಲುವುದು ತಾಳ್ಮೆಯ ಮೇಲೆಯೇ. ಕರ್ತನು ನಮಗಾಗಿ ಬಾಯಿಬಿಡದೆ ನೊಂದ, ನಾವೂ ಗೊಣಗದೆ ನೋಯಬೇಕು, ಅದಕ್ಕೇ ನಮ್ಮನ್ನು ಕರೆದಿರುವುದು ಎನ್ನುತ್ತಿದ್ದರು. ಈ ಮಾತು ಮಾನಮ್ಮನಿಗೆ ನೆಟ್ಟಗೆ ತಾಗುತ್ತಿತ್ತು. ಇಡೀ ಸಭೆಯಲ್ಲಿ ಗೊಣಗುವವಳೂ ಅಳುವವಳೂ ತಾನೊಬ್ಬಳೇ ಎಂದು ಅವಳ ನಂಬಿಕೆ. ಒಂದು ನಾಟಿಯ ಕಾಲವಿಡೀ ಅವಳು ಮಂಡಿಯೂರಿ ಒಂದೇ ಪ್ರಾರ್ಥನೆ ಮಾಡಿದಳು: ಕೆಲಸ ತಪ್ಪಿಸಬೇಡ, ನೋವು ತಡೆದುಕೊಳ್ಳುವ ಶಕ್ತಿ ಕೊಡು.

ಶಕ್ತಿ ಬಂತು. ಅಂದರೆ ಬಂತೆಂದೇ ಅವಳು ತಿಳಿದಳು. ಮುಂದಿನ ನಾಟಿಯ ಹೊತ್ತಿಗೆ ಎಡಗೈಯ ಕಿರುಬೆರಳು, ಅದರ ಪಕ್ಕದ ಬೆರಳು ನೋಯುವುದನ್ನು ಬಿಟ್ಟವು. ಕೊಳೆತರೂ ನೋವಿಲ್ಲ, ಮುಳ್ಳು ಚುಚ್ಚಿದರೂ ನೋವಿಲ್ಲ. ಬರಬರುತ್ತ ಅಂಗೈಯೂ ಹಾಗೇ ಆಯಿತು. ಮೊಣಕೈ ಕೆಳಗೆ ನಸುಬಿಳಿ ಮಚ್ಚೆಯೊಂದು ಎದ್ದಿತ್ತು. ಕೆಸರು ಒಣಗಿದ ಕಲೆಯೆಂದು ಅವಳು ಅದನ್ನು ತಿಕ್ಕಿ ತೊಳೆದು ಬಿಟ್ಟುಬಿಟ್ಟಳು. ದೇವರು ತನ್ನ ಮಾತು ಕೇಳಿದ ಎಂದು ಎಷ್ಟು ಸಂತೋಷಪಟ್ಟಳೆಂದರೆ, ಅತ್ತೆಯ ಬೈಗುಳಕ್ಕೂ ನಕ್ಕುಬಿಡುತ್ತಿದ್ದಳು. ಪಾಪ, ಯಾರಾದರೂ ಮತ್ತೇನು ತಿಳಿಯಬೇಕಿತ್ತು?

ತುರ್ತು ಪರಿಸ್ಥಿತಿ ಮುಗಿದ ವರ್ಷದ ಕ್ರಿಸ್ಮಸ್ಸು. ಚರ್ಚಿನ ಅಂಗಳದಲ್ಲಿ ಸಭೆಗೆಲ್ಲ ಊಟ. ಅನ್ನದ ಹಂಡೆಯನ್ನು ಒಲೆಯಿಂದ ಇಳಿಸುವಾಗ ಒಂದು ಬದಿಯ ಬಟ್ಟೆ ಜಾರಿತು. ಹಂಡೆ ವಾಲಿತು, ಕೆಳಗೆ ಹುಡುಗರು ಕೂತಿದ್ದರು. ಮಾನಮ್ಮ ಬರಿ ಎಡಗೈಯಲ್ಲೇ ಅದರ ಕಡಗ ಹಿಡಿದು, ನೆಟ್ಟಗೆ ನಿಲ್ಲಿಸಿ, ನೆಲಕ್ಕಿಳಿಸಿದಳು. ಚರ್ಮ ಸುಟ್ಟ ವಾಸನೆ ಬಂದಾಗ ಹೆಂಗಸರೆಲ್ಲ ಚೀರಿದರು. ಅವಳು ಮಾತ್ರ ಚೀರಲಿಲ್ಲ. ತನ್ನ ಅಂಗೈ ನೋಡಿಕೊಂಡು, ಇಷ್ಟು ಸುಟ್ಟಿತೇ ಎಂದು ಆಶ್ಚರ್ಯಪಟ್ಟಳು, ಅಷ್ಟೇ.

ಮುಂದಿನ ಭಾನುವಾರ ಪಾಸ್ಟರು ಅವಳನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಇಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ಈ ತಾಯಿ ಕೈಯಲ್ಲಿ ತೋರಿಸಿದಳು ಎಂದರು. ಅಂದಿನಿಂದ ಕೇರಿಯಲ್ಲಿ ಯಾರ ಮನೆಯಲ್ಲಿ ಕಷ್ಟವಿದ್ದರೂ ಮಾನಮ್ಮನನ್ನು ನೋಡಿ ಕಲಿಯಿರಿ ಎನ್ನುವುದೇ ಮಾತಾಯಿತು. ಪಕೀರಮ್ಮ ಕೂಡ ಸೊಸೆಯನ್ನು ಬೈಯುವಾಗ ಒಂದು ಗಳಿಗೆ ತಡೆಯತೊಡಗಿದಳು. ಮಾನಮ್ಮನಿಗೆ ಹುಟ್ಟಿದಾಗಿನಿಂದ ಸಿಗದಿದ್ದ ಮರ್ಯಾದೆ ಒಮ್ಮೆಲೇ ಸಿಕ್ಕಿತು.

ಆಮೇಲೆ ಮಹಾಂತಯ್ಯ ಬಂದ. ಮಾನ್ವಿಯ ಸರಕಾರಿ ದವಾಖಾನೆಯಿಂದ ಊರೂರು ತಿರುಗಿ ಮೈಮೇಲಿನ ಮಚ್ಚೆ ನೋಡುವುದು ಅವನ ಕೆಲಸ. ಸರಕಾರದ ದವಾಖಾನೆಯವನು ಎಂದ ಕೂಡಲೇ ಗಂಡಸರೆಲ್ಲ ಪಂಚೆ ಎತ್ತಿ ಕಟ್ಟಿ ಹೊಲದ ಕಡೆ ಓಟ ಕಿತ್ತರು. ಸಂತಾನಹರಣದ ಶಸ್ತ್ರಚಿಕಿತ್ಸೆಗೆ ಹಿಡಿದುಕೊಂಡು ಹೋಗುತ್ತಿದ್ದ ದಿನಗಳ ಹೆದರಿಕೆ ಇನ್ನೂ ಹೋಗಿರಲಿಲ್ಲ. ಉಳಿದವರು ಹೆಂಗಸರು. ಮಹಾಂತಯ್ಯ ಒಬ್ಬೊಬ್ಬರನ್ನೇ ಕಣ್ಣು ಮುಚ್ಚಿಸಿ, ಕೋಳಿಪುಕ್ಕದಿಂದ ಕೈ ಸವರಿ, ಎಲ್ಲಿ ತಾಗಿತು ಹೇಳಿರಿ ಎನ್ನುತ್ತಿದ್ದ. ತಾಗಿದ್ದು ಗೊತ್ತಾಗದಿದ್ದರೆ ಅದು ಕುಷ್ಠದ ಮೊದಲ ಗುರುತು, ಬೇಗ ಹೇಳಿದರೆ ವಾಸಿಯಾಗುತ್ತದೆ ಎಂದು ಗಟ್ಟಿಯಾಗಿ ಸಾರುತ್ತಿದ್ದ.

ಮಾನಮ್ಮ ಗುಂಪಿನ ಹಿಂದೆ ನಿಂತಿದ್ದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಸೆರಗು ಮೊಣಕೈ ಮೇಲೆಳೆದುಕೊಂಡು, ಒಲೆಯ ಮೇಲೆ ಬೇಳೆ ಇಟ್ಟಿದ್ದೇನೆ ಎಂದು ಯಾರೂ ಕೇಳದಿದ್ದರೂ ಹೇಳಿ, ಮನೆಗೆ ಓಡಿದಳು. ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ಕೌದಿ ಹೊಲಿಯುವ ಸೂಜಿಯಿಂದ ಮಚ್ಚೆಯನ್ನು ಚುಚ್ಚಿದಳು. ಏನೂ ಇಲ್ಲ. ಕಣ್ಣು ತೆರೆದು ನೋಡಿದರೆ ರಕ್ತದ ಹನಿ. ಅದನ್ನು ಸೆರಗಿನಿಂದ ಒರೆಸಿ, ಅಲ್ಲೇ ಗೋಡೆಗೊರಗಿ ಕೂತಳು.

ಅವಳ ಚಿಗವ್ವನಿಗೆ, ಅವ್ವನ ತಂಗಿಗೆ, ಆ ರೋಗ ಬಂದಿತ್ತು. ದೇವದುರ್ಗದ ಕಡೆಯ ಅವರ ಹಳ್ಳಿಯಲ್ಲಿ ಊರ ಹೊರಗೆ ಜಾಲಿಕಂಟಿಯ ನಡುವೆ ಗುಡಿಸಲು ಹಾಕಿಕೊಟ್ಟು ಅವಳನ್ನು ಬಿಟ್ಟುಬಂದಿದ್ದರು. ಬುತ್ತಿ ಕೊಡಲು ಹೋದವರು ಕಲ್ಲಿನ ಮೇಲಿಟ್ಟು, ಕೂಗಿ, ಹಿಂತಿರುಗಿ ನೋಡದೆ ಬರಬೇಕು. ಚಿಕ್ಕಂದಿನಲ್ಲಿ ಮಾನಮ್ಮನೂ ಹೋಗಿ ಇಟ್ಟು ಬಂದವಳೇ. ಒಮ್ಮೆ ಚಿಗವ್ವ ದೂರದಿಂದಲೇ ಅವಳ ಹೆಸರು ಹಿಡಿದು ಕರೆದಾಗ, ನಿಲ್ಲದೆ ಓಡಿದ್ದಳು. ಈಗ ತನ್ನನ್ನೂ ಹಾಗೇ ಹೊರಗೆ ಹಾಕುತ್ತಾರೆ. ಮೂರು ವರ್ಷದ ಮಗಳು ಸತ್ಯಮ್ಮನನ್ನು ಇನ್ನು ಮುಟ್ಟಗೊಡುವುದಿಲ್ಲ. ಈ ಹೆದರಿಕೆ ಅವಳ ಹೊಟ್ಟೆಯಲ್ಲಿ ಕೂತಿತು, ಏಳಲೇ ಇಲ್ಲ.

ಹೇಳಿಬಿಡಬಹುದಿತ್ತು. ಆದರೆ ಯಾರಿಗೆ ಹೇಳುವುದು? ಸಭೆಗೆಲ್ಲ ತಾನು ತಾಳ್ಮೆಯ ತಾಯಿ. ತಾಳ್ಮೆ ಅಲ್ಲ, ರೋಗ ಎಂದು ಹೇಳಿದರೆ ದೇವರಿಗೇ ಮೋಸ ಮಾಡಿದಂತಾಗುವುದೇ? ಅಥವಾ ಸುಮ್ಮನೆ ಸಹಿಸಿಕೊಂಡಿರುವುದೇ ಪಾಸ್ಟರು ಹೇಳುವ ತಾಳ್ಮೆಯೇ? ತಲೆಗೊಂದು ಲೆಕ್ಕ, ಎದೆಗೊಂದು ಲೆಕ್ಕ. ಕೊನೆಗೆ ಬಾಯಿಗೆ ಬೀಗ ಹಾಕಿಕೊಂಡಳು. ಉದ್ದ ತೋಳಿನ ರವಿಕೆ ಹೊಲಿಸಿದಳು. ಮಹಾಂತಯ್ಯನ ಸೈಕಲ್ಲು ಕಂಡರೆ ಹಿತ್ತಲಿಗೆ ಹೋಗಿ ಅಡಗುತ್ತಿದ್ದಳು. ಯಾರಾದರೂ ಕೈ ನೋಡಿದರೆ ಸಾಕು, ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ತಾಳ್ಮೆಯನ್ನು ಹೊಗಳುವ ಪ್ರತಿ ಭಾನುವಾರವೂ ಅವಳಿಗೆ ಶಿಕ್ಷೆಯ ದಿನವಾಯಿತು.

ಶುಭ ಶುಕ್ರವಾರ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಮಗಳಿಗೆ ಎರೆಯಲು ಕೂತಳು. ನೀರು ಹದವಾಗಿದೆಯೇ ಎಂದು ದಿನದಂತೆ ಎಡಗೈ ಅದ್ದಿ ನೋಡಿದಳು. ಬೆಚ್ಚಗಿದೆ ಅನ್ನಿಸಿತು. ತಂಬಿಗೆ ತುಂಬಿ ಮಗುವಿನ ಬೆನ್ನಿಗೆ ಸುರಿದಳು.

ಸತ್ಯಮ್ಮ ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಓಡಿಬಂದರು. ಬೆನ್ನು ಕೆಂಪಗೆ ಬೊಬ್ಬೆ ಎದ್ದಿತ್ತು. ಪಕೀರಮ್ಮ ಮಗುವನ್ನು ಕಿತ್ತುಕೊಂಡು, ತಣ್ಣೀರು ಸುರಿದು, ಸೊಸೆಯ ಏಳು ಜನ್ಮ ಜಾಲಾಡಿದಳು. ಕೈ ಹಾಕಿ ನೋಡಬಾರದಿತ್ತೇ ಎಂದು ಗದ್ದೆಪ್ಪ ಕೇಳಿದ. ನೋಡಿದೆ ಎನ್ನಲು ಮಾನಮ್ಮನಿಗೆ ಬಾಯಿ ಬರಲಿಲ್ಲ. ಮಗು ಅವಳನ್ನು ಕಂಡರೆ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸುತ್ತಿತ್ತು. ತನ್ನ ಕೈ ತಾನೇ ನೋಡಿಕೊಂಡು, ಅದು ಬೇರೆ ಯಾರದೋ ಕೈ ಎಂಬಂತೆ ಅವಳಿಗೆ ಭಯವಾಯಿತು.

ಶುಭ ಶುಕ್ರವಾರದ ಪ್ರಸಂಗ ಉದ್ದವಾಗಿಯೇ ಇರುತ್ತದೆ. ಪಾಸ್ಟರು ಅಂದು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಮಾನಮ್ಮನೊಳಗೆ ಇಳಿಯಿತು. ಶಿಲುಬೆಗೆ ಹೊಡೆಯುವ ಮೊದಲು ಸಿಪಾಯಿಗಳು ಕರ್ತನಿಗೆ ನೋವು ಮರೆಸುವ ರಸವನ್ನು ಕುಡಿಯಲು ಕೊಟ್ಟರಂತೆ. ಮೈ ಜೋಮು ಹಿಡಿಯುವಂಥ ರಸ. ಆತ ಅದನ್ನು ಕುಡಿಯಲಿಲ್ಲ. ನೋವನ್ನು ನೋವೆಂದೇ ತಿಳಿದು ಅನುಭವಿಸಿದ. ಇಷ್ಟು ಹೇಳಿ ಪಾಸ್ಟರು, ನಮ್ಮ ನಡುವೆಯೂ ಒಬ್ಬಳು ಹಾಗೆ ಸಹಿಸುವವಳಿದ್ದಾಳೆ, ಎದ್ದು ನಿಲ್ಲಮ್ಮಾ ಎಂದು ಅವಳ ಕಡೆ ಕೈ ತೋರಿದರು.

ಮಾನಮ್ಮ ಎದ್ದಳು. ಸಭೆಯಲ್ಲಿ ಅವಳು ಎಂದೂ ಬಾಯಿ ಬಿಟ್ಟವಳಲ್ಲ.

"ಅಯ್ಯನೋರೆ, ನಂದು ತಾಳ್ಮಿ ಅಲ್ರೀ. ನನಗ ನೋವಾಗಂಗೇ ಇಲ್ಲ. ಈ ಕೈಗೆ ರೋಗ ಬಂದದ. ಮುಚ್ಚಿಟ್ಟು ಕೂಸಿನ ಬೆನ್ನು ಸುಟ್ಟೀನ್ರಿ."

ಹೇಳಿ, ರವಿಕೆಯ ತೋಳು ಮೇಲೆ ಸರಿಸಿ ಮಚ್ಚೆ ತೋರಿಸಿದಳು. ಪಕ್ಕದಲ್ಲಿದ್ದ ಹೆಂಗಸರು ಚಾಪೆ ಸಮೇತ ಅತ್ತ ಸರಿದರು. ಪಾಸ್ಟರು ವೇದಪುಸ್ತಕ ಮುಚ್ಚಿದರು. ಯಾರೋ ಮುದುಕ ಹಾಡು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ. ಮಾನಮ್ಮ ಒಬ್ಬಳೇ ಮನೆಗೆ ನಡೆದು ಬಂದು, ಚಿಗವ್ವನ ಗುಡಿಸಲೇ ಇನ್ನು ಗತಿ ಎಂದು ಸೀರೆಗಳನ್ನು ಗಂಟು ಕಟ್ಟಲು ಕೂತಳು.

ಹಿಂದೆಯೇ ಬಂದ ಪಕೀರಮ್ಮ ಬಾಗಿಲಲ್ಲಿ ನಿಂತು ಗಂಟು ನೋಡಿದಳು.

"ಔಷಧ ತಿನ್ನು, ಹೊರಗ ಪಡಸಾಲ್ಯಾಗ ಮಲಕ್ಕೋ, ಕೂಸಿನ್ನ ಮುಟ್ಟಬ್ಯಾಡ. ಆದ್ರ ಮನಿ ಬಿಟ್ಟು ಹೋಗ್ತೀನಿ ಅಂದ್ರ ಕಾಲು ಮುರೀತೀನಿ ನೋಡು."

ಮದುವೆಯಾಗಿ ಬಂದಾಗಿನಿಂದ ಅತ್ತೆಯ ಬಾಯಿಂದ ಕೇಳಿದ ಅತಿ ಮೆತ್ತನೆಯ ಮಾತು ಅದೇ. ಮಾನಮ್ಮ ಗಂಟು ಬಿಚ್ಚಿದಳು.

ಮಹಾಂತಯ್ಯನೇ ರಾಯಚೂರಿಗೆ ದಾರಿ ತೋರಿಸಿದ. ಅವನು ಕೇರಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಬಾಯಾರಿ ಬಂದವನು ಅವಳ ಕೈಯಿಂದಲೇ ನೀರು ಇಸಿದುಕೊಂಡು ಗಟಗಟ ಕುಡಿದುಬಿಟ್ಟ. ಜಂಗಮರ ಮನೆಯವನು ಈ ಕೇರಿಯಲ್ಲಿ ನೀರು ಕುಡಿದದ್ದೇ ಒಂದು ಸುದ್ದಿ, ಅದೂ ಆ ಕೈಯಿಂದ. ಅವನಿಗೇನೂ ದೊಡ್ಡತನ ತೋರಿಸುವ ಹಂಬಲವಿರಲಿಲ್ಲ, ನೀರಡಿಕೆಯಾಗಿತ್ತು. ನಮ್ಮ ಮನೆಯಲ್ಲಿ ಹೇಳಬೇಡಿರಿ ಎಂದೂ ಕೇಳಿಕೊಂಡ.

ಬಸ್ಸಿನಲ್ಲಿ ಮಾನ್ವಿ ದಾಟಿ ರಾಯಚೂರು ಮುಟ್ಟುವತನಕ ಗದ್ದೆಪ್ಪ ನಿಂತೇ ಇದ್ದ. ಹೆಂಡತಿಯ ಪಕ್ಕದ ಸೀಟು ಖಾಲಿಯಿತ್ತು. ಕಂಡಕ್ಟರ್ ಕೂಡಿರಿ ಎಂದರೂ ಕೇಳಿಸದವನಂತೆ ಕಂಬಿ ಹಿಡಿದುಕೊಂಡಿದ್ದ. ಮಾನಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತನ್ನನ್ನು ಅಲ್ಲೇ ಬಿಟ್ಟು ಬರಲು ಕರೆದೊಯ್ಯುತ್ತಿದ್ದಾನೋ ಏನೋ ಎಂದು ಅಂಜಿದ್ದಳು.

ದವಾಖಾನೆಯ ಡಾಕ್ಟರಮ್ಮ ಕೈಯನ್ನು ಬರಿಗೈಯಲ್ಲೇ ಹಿಡಿದು ತಿರುಗಿಸಿ ನೋಡಿದರು. ಇದು ಇನ್ನೊಬ್ಬರಿಗೆ ಹರಡುವ ಜಾತಿಯದಲ್ಲ, ಬೇಗನೇ ಬಂದಿದ್ದೀರಿ, ವರ್ಷಗಟ್ಟಲೆ ತಪ್ಪದೆ ಗುಳಿಗೆ ನುಂಗಬೇಕು ಎಂದರು. ಎರಡು ಬೆರಳು ಸ್ವಲ್ಪ ಬಾಗಬಹುದು, ಕೈ ಹೋಗುವುದಿಲ್ಲ. ಬಿಸಿಯೋ ತಣ್ಣಗೋ ಎಂದು ಇನ್ನು ಮೇಲೆ ಬಲಗೈಯನ್ನು ಕೇಳಬೇಕು, ಗಾಯವಾಗಿದೆಯೇ ಎಂದು ದಿನಾ ಸಂಜೆ ಕಣ್ಣನ್ನು ಕೇಳಬೇಕು. ಮನೆಯಲ್ಲಿ ಮಲಗಬಹುದೇ ಎಂದು ಗದ್ದೆಪ್ಪ ಕೇಳಿದ. ಮತ್ತೆಲ್ಲಿ ಮಲಗಬೇಕು ಎಂದು ಅವರು ತಿರುಗಿ ಕೇಳಿದಾಗ ಅವನು ತಲೆ ತಗ್ಗಿಸಿದ. ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಕೂತ, ನಡುವೆ ಕೈಚೀಲ ಇಟ್ಟುಕೊಂಡು. ಮಾನ್ವಿ ಬರುವ ಹೊತ್ತಿಗೆ ಚೀಲ ಕಾಲ ಬಳಿ ಇತ್ತು.

ಮನೆ ಉಳಿಯಿತು. ಇನ್ನು ಬಾಕಿ ಇದ್ದದ್ದು ಸಭೆ. ಆ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ, ಕರ್ತನ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವ ಪ್ರಭು ಭೋಜನ. ಪಾಸ್ಟರ ಹೆಂಡತಿ ಒಣದ್ರಾಕ್ಷಿ ನೆನೆಸಿ, ಹಿಂಡಿ, ಸೋಸಿದ ರಸ. ಒಂದೇ ಬಟ್ಟಲು. ಎಲ್ಲರೂ ಸಾಲಾಗಿ ಮಂಡಿಯೂರಿ ಅದರಿಂದಲೇ ಒಂದೊಂದು ಗುಟುಕು ಕುಡಿಯಬೇಕು. ಕೊನೆಗೆ ಉಳಿದದ್ದನ್ನು ಪಾಸ್ಟರು ಅಲ್ಲೇ ನಿಂತು ಕುಡಿದು ಮುಗಿಸಬೇಕು, ಚೆಲ್ಲುವಂತಿಲ್ಲ. ಮೇಲುಕೇರಿಯ ಬಾವಿಯಲ್ಲಿ ಕೊಡ ಇಳಿಸಲು ಬಿಡದಿದ್ದ ಕಾಲದಿಂದಲೂ ಆ ಒಂದು ಬಟ್ಟಲೆಂದರೆ ಆ ಜನಕ್ಕೆ ಅಭಿಮಾನ.

ಮಾನಮ್ಮ ತಾನಾಗಿಯೇ ಬಾಗಿಲ ಬಳಿ ಕೊನೆಯವಳಾಗಿ ಮಂಡಿಯೂರಿದಳು. ತನ್ನ ಹಿಂದೆ ಯಾರೂ ಕುಡಿಯಬೇಕಾಗಿಲ್ಲ ಎಂದುಕೊಂಡಳು. ಪಾಸ್ಟರೊಬ್ಬರಿದ್ದರು, ಅವರ ನೆನಪು ಅವಳಿಗೆ ಆಗಿರಲಿಲ್ಲ. ಪಾಸ್ಟರು ಬಟ್ಟಲು ಕೊಟ್ಟರು, ಅವಳು ಗುಟುಕು ಕುಡಿದಳು. ಅವರು ಉಳಿದದ್ದನ್ನು ಹಿಡಿದುಕೊಂಡು ಬದಿಯ ಬಾಗಿಲಿಂದ ಹೊರಗೆ ಹೋದರು. ಕಿಟಕಿಯಲ್ಲಿ ಕಂಡಿತು: ಬೇವಿನ ಗಿಡದ ಬುಡಕ್ಕೆ ಬಟ್ಟಲು ಬೋರಲು ಹಾಕಿದರು.

ಅದು ನೋಯಿತು. ಇಷ್ಟು ದಿನ ಕೈಗೆ ಗೊತ್ತಾಗದೆ ಹೋದ ನೋವೆಲ್ಲ ಒಟ್ಟಾಗಿ ಎದೆಗೇ ಬಂದಂತೆ ನೋಯಿತು. ಮನೆಗೆ ಬಂದು ಅತ್ತಳು. ಪಕೀರಮ್ಮ ಸಂಗತಿ ತಿಳಿದು, ಪಾಸ್ಟರನ್ನು ಅವರ ಹಿರಿಯರ ಸಮೇತ ಬೈದು, ಇನ್ನು ಆ ಕಡೆ ತಲೆ ಹಾಕಿ ಮಲಗಲೂ ಬೇಡ ಎಂದಳು. ಆದರೆ ಮಾನಮ್ಮ ಯೋಚಿಸಿದಳು. ಪಾಸ್ಟರ ಮುಖ ಅವಳು ನೋಡಿದ್ದಳು. ಅದು ಸಿಟ್ಟಿನ ಮುಖವಲ್ಲ, ಹೇಸಿಗೆಯದೂ ಅಲ್ಲ. ಅಂಜಿದವರ ಮುಖ. ಅಂಜಿಕೆಯ ವಿಷಯ ಪೋತ್ನಾಳದಲ್ಲಿ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕರೆದ ಚಿಗವ್ವನನ್ನು ಬಿಟ್ಟು ಓಡಿದವಳು ತಾನು. ಅವರನ್ನು ಹೇಗೆ ಬೈಯುವುದು?

ಮುಂದಿನ ತಿಂಗಳೂ ಹೋದಳು. ಅದರ ಮುಂದಿನ ತಿಂಗಳೂ ಹೋದಳು. ಪ್ರತಿ ಸಲವೂ ಚರ್ಚಿನ ಮೆಟ್ಟಿಲ ಬಳಿ ಕಾಲು ಹಿಂದೆಳೆಯುತ್ತಿತ್ತು, ಇವತ್ತು ಬಟ್ಟಲೇ ಕೊಡದೆ ಹೋದರೆ ಎಂದು ಅಂಜುತ್ತಿದ್ದಳು. ಕೊಟ್ಟರು, ಕುಡಿದಳು, ಕಿಟಕಿಯ ಕಡೆ ನೋಡಲಿಲ್ಲ. ಬೇವಿನ ಬುಡಕ್ಕೆ ಮಾತ್ರ ದ್ರಾಕ್ಷಿರಸ ತಪ್ಪಲಿಲ್ಲ. ಪಾಸ್ಟರು ಅವಳ ಕಣ್ಣು ತಪ್ಪಿಸುತ್ತಿದ್ದರು. ತಾಳ್ಮೆಯ ಪ್ರಸಂಗ ಮಾಡುವುದನ್ನು ಬಿಟ್ಟಿದ್ದರು. ಮುಖ ಇಳಿದುಹೋಗಿತ್ತು.

ಮುಂದೆ ಎಲ್ಲವೂ ಒಂದು ದಡ ಸೇರಿತು. ಎಂಬತ್ಮೂರರಲ್ಲೋ ಎಂಬತ್ನಾಲ್ಕರಲ್ಲೋ ಗುಳಿಗೆ ಮುಗಿದವು. ಕಿರುಬೆರಳು ಬಾಗಿಯೇ ಉಳಿಯಿತು, ಆ ಕೈಯಿಂದಲೇ ಮಗಳಿಗೆ ಜಡೆ ಹಾಕಿ ಮಾನ್ವಿಯ ಹೈಸ್ಕೂಲಿಗೆ ಕಳಿಸಿದಳು. ರೋಗದ ಸುದ್ದಿ ಕೇಳಿ ದೂರವಿಟ್ಟಿದ್ದ ವಿರೂಪಣ್ಣನೂ ಮತ್ತೆ ನಾಟಿಗೆ ಕರೆದ. ಆದರೆ ಮಾನಮ್ಮನ ಬಾಳಿನಲ್ಲಿ ಯಾವುದು ದೊಡ್ಡ ದಿನ ಎಂದರೆ ಅದು ಇವೆಲ್ಲಕ್ಕಿಂತ ಮುಂಚಿನದು, ಅವಳು ಸಭೆಯಲ್ಲಿ ರೋಗ ಹೇಳಿಕೊಂಡ ಮರುವರ್ಷದ ಬೇಸಿಗೆಯ ಒಂದು ಭಾನುವಾರ.

ಅಂದು ಪಾಸ್ಟರು ಸಾಲಿನ ಕೊನೆಗೆ ಬಂದಾಗ ಬಟ್ಟಲು ಹಿಡಿದ ಕೈ ಅದುರಿ ರಸ ತುಳುಕಿತು. ಮಾನಮ್ಮ ಗುಟುಕು ಕುಡಿದು ಬಟ್ಟಲು ಹಿಂದಿರುಗಿಸುತ್ತ, ನೆಟ್ಟಗೆ ಅವರ ಮುಖ ನೋಡಿದಳು.

"ಅಂಜಿಕಿ ಆಗ್ತದೇನ್ರಿ, ಅಯ್ಯನೋರೆ?"

ಮೆಲ್ಲಗೇ ಕೇಳಿದಳು, ಆದರೆ ಸಭೆ ನಿಶ್ಶಬ್ದವಾಗಿತ್ತು, ಎಲ್ಲರಿಗೂ ಕೇಳಿಸಿತು. ಪಾಸ್ಟರು ಬಟ್ಟಲಿನೊಳಗೆ ನೋಡಿದರು.

"ಹೌದವ್ವಾ. ಭಾಳ ಆಗ್ತದ. ಡಾಕ್ಟರು ಹೇಳ್ಯಾರ ಅಂತ ಗೊತ್ತದ. ಆದ್ರೂ ಆಗ್ತದ."

"ನನಗೂ ಆಗ್ತದ್ರಿ. ಪ್ರತಿ ತಿಂಗಳಾ ಆ ಮೆಟ್ಟಲು ಹತ್ತಾಗ ಕಾಲು ನಡುಗ್ತಾವ. ಆದ್ರೂ ಬರ್ತೀನ್ರಿ."

ಜೀವರತ್ನಪ್ಪನವರು ಬದಿಯ ಬಾಗಿಲ ಕಡೆ ನೋಡಿದರು. ಹೆಜ್ಜೆ ಎತ್ತಲಿಲ್ಲ. ಕಣ್ಣು ಮುಚ್ಚಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆತ್ತಿ, ತಳದವರೆಗೂ ಕುಡಿದರು. ಕುಡಿದು ಮುಗಿಸಿ, ಅಲ್ಲೇ ಬಾಗಿಲ ಬಳಿ, ಅವಳ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟರು. ಆಶೀರ್ವಾದ ಹೇಳುವುದು ಇನ್ನೂ ಬಾಕಿ ಇತ್ತು, ಯಾರೂ ಎದ್ದು ಹೋಗಲಿಲ್ಲ.